ಸೋತವರ ಸಾಲು

ನಮ್ಮೂರಿನ ಬಸ್ ನಿಲ್ದಾಣದ ಬೇವಿನ ಮರಕ್ಕೆ ನೆರಳಿಲ್ಲ. ಹೋದ ವರ್ಷದ ನಾಲ್ಕನೆಯ ಪ್ರಸ್ತಾವದಲ್ಲಿ ಡಾಂಬರು ರಸ್ತೆಯ ಜೊತೆಗೆ ನೆರಳು ತೆಗೆಯುವುದನ್ನೂ ಸೇರಿಸಿದ್ದರು. ರಸ್ತೆ ಬೇಕಾಗಿತ್ತು, ಓಟಿನಲ್ಲಿ ಹೌದು ಅಂದೆವು. ಮರುದಿನ ಬೆಳಿಗ್ಗೆ ರಸ್ತೆ ಬಂದಿತ್ತು, ನೆರಳು ಹೋಗಿತ್ತು. ಜನ ಈಗಲೂ ಅಭ್ಯಾಸಬಲದಿಂದ ಆ ಮರದ ಕೆಳಗೇ ನಿಂತು ಬಿಸಿಲಲ್ಲಿ ಬೇಯುತ್ತಾರೆ. ಅದರ ಹಿಂದಿನ ವರ್ಷ ಕೆರೆಯ ಹೂಳು ತೆಗೆಸಿಕೊಂಡು ಕಪ್ಪೆಗಳ ದನಿ ಕಳೆದುಕೊಂಡೆವು. ಮಳೆ ಬಂದಾಗ ಅವು ದಂಡೆಯ ಮೇಲೆ ಕೂತು ಸುಮ್ಮನೆ ಗಂಟಲು ಉಬ್ಬಿಸುತ್ತವೆ. ನೋಡಿದರೆ ನನಗೆ ಮೈ ಉರಿಯುತ್ತದೆ. ಹೂಳಿಗೂ ಕಪ್ಪೆಯ ದನಿಗೂ ಏನು ಸಂಬಂಧ ಎಂದು ಕೇಳೋಣವೆಂದರೆ ಕೇಳುವುದಕ್ಕೆ ಎದುರಿಗೆ ಒಬ್ಬರೂ ಇರುವುದಿಲ್ಲ.

ನಾನು ಹಾಲಮ್ಮ. ಕತ್ತಾಳೆ ನಾರಿನ ಹಗ್ಗ ಹೊಸೆಯುವುದು ನಮ್ಮ ಮನೆಯ ಕಸುಬು. ಊರ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿದ್ದೇನೆ. ಆದ್ದರಿಂದ ರಾಜಧಾನಿಯಿಂದ ವರ್ಷಕ್ಕೊಮ್ಮೆ ಬರುವ ಪ್ರಸ್ತಾವದ ಪುಸ್ತಕವನ್ನು ಓದಿ ಹೇಳು ಎಂದು ಬೀದಿಯ ಹೆಂಗಸರು ನನ್ನ ಹತ್ತಿರವೇ ಬರುತ್ತಾರೆ. ಓದುತ್ತೇನೆ. ಓದುತ್ತಾ ಓದುತ್ತಾ ಬೈಯುತ್ತೇನೆ. ನನ್ನ ಬೈಗುಳ ತೆಗೆದರೆ ಆ ಪುಸ್ತಕದಲ್ಲಿ ಅರ್ಥವಾಗುವಂಥದ್ದು ಏನೂ ಉಳಿಯುವುದಿಲ್ಲ.

ನಮ್ಮೂರಲ್ಲಿ ಓಟಿನಲ್ಲಿ ಗೆದ್ದದ್ದು ಮರುದಿನ ಬೆಳಗಾಗುವಷ್ಟರಲ್ಲಿ ಆಗಿಬಿಟ್ಟಿರುತ್ತದೆ. ಮೊದಲಿನಿಂದಲೂ ಹಾಗೆಯೇ. ಆದರೆ ಮೊದಲು ಪುಸ್ತಕ ಇರಲಿಲ್ಲ. ಹಗ್ಗದ ಬೀದಿ ಇತ್ತು. ಹಗ್ಗ ಹೊಸೆಯುವವರು ನಾರು ಬಿಡುತ್ತಾ ಹಿಂದೆ ಹಿಂದೆ ನಡೆಯಬೇಕು, ಅದಕ್ಕಾಗಿ ಆ ಬೀದಿಯನ್ನು ತಿರುವೇ ಇಲ್ಲದಂತೆ ಉದ್ದಕ್ಕೆ ಬಿಟ್ಟಿದ್ದಾರೆ. ಅದರ ನಡುವೆ ಮೊಣಕಾಲೆತ್ತರದ ಒಂದು ಕಲ್ಲು. ಊರಲ್ಲಿ ಏನಾದರೂ ಆಗಬೇಕು ಎನ್ನುವವರು ಆ ಕಲ್ಲು ಹತ್ತಿ ನಿಂತು ಕೇಳಬೇಕಾಗಿತ್ತು. ಕೇಳಿದ ಮೇಲೆ ಊರವರ ಪ್ರಶ್ನೆಗಳೆಲ್ಲ ಮುಗಿಯುವವರೆಗೂ ಇಳಿಯುವಂತಿರಲಿಲ್ಲ. ಕಾಲು ನಡುಗಲಿ, ನಾಲಿಗೆ ಒಣಗಲಿ, ಕೇಳಿದವರಿಗೆಲ್ಲ ಉತ್ತರ ಹೇಳಬೇಕು. ಆಮೇಲೆ ಎರಡು ಹಗ್ಗ ಕಟ್ಟುತ್ತಿದ್ದರು. ಅರಿಶಿನ ಹಚ್ಚಿದ ಹಗ್ಗ ಹೌದು ಎನ್ನುವವರಿಗೆ, ಬಿಳಿಯದು ಬೇಡ ಎನ್ನುವವರಿಗೆ. ಒಬ್ಬೊಬ್ಬರೂ ಬಂದು ಒಂದೊಂದು ನಾರಿನ ಎಳೆಯನ್ನು ಹಗ್ಗಕ್ಕೆ ಗಂಟು ಹಾಕಿ ಹೋಗುವುದು. ಯಾವ ಹಗ್ಗದಲ್ಲಿ ಗಂಟು ಹೆಚ್ಚೋ ಅದು ಗೆದ್ದಂತೆ.

ಅಷ್ಟಕ್ಕೇ ಮುಗಿಯುತ್ತಿರಲಿಲ್ಲ. ಮರುದಿನ ಸಂಜೆ ಗೆದ್ದವರು ಸೋತವರಿಗೆ ಅಡುಗೆ ಮಾಡಿ ಬಡಿಸಬೇಕಿತ್ತು. ಹಗ್ಗದ ಬೀದಿಯ ಉದ್ದಕ್ಕೂ ಸೋತವರು ಸಾಲಾಗಿ ಕೂರುತ್ತಿದ್ದರು. ಮುತ್ತುಗದ ಎಲೆ, ಗೋಧಿ ಹುಗ್ಗಿ, ಅನ್ನ, ಬೇಳೆ ಸಾರು. ಸಾರಿಗೆ ಖಾರ ಹಾಕುವಂತಿರಲಿಲ್ಲ, ಮೊದಲೇ ಉರಿಯುತ್ತಿರುವವರಿಗೆ ಖಾರ ಯಾಕೆ ಅಂತ. ಬಡಿಸಿದವರು ಎಲೆಯ ಎದುರು ಕೂತು, "ಏನು ಕಳ್ಕೊಂಡೆ?" ಎಂದು ಕೇಳಬೇಕು. ಸೋತವರು ಹೇಳಿದ್ದನ್ನೆಲ್ಲ ಕೇಳಿಸಿಕೊಳ್ಳಬೇಕು. ಎದುರುತ್ತರ ಕೊಡುವಂತಿಲ್ಲ. ಇಷ್ಟೇ ನಿಯಮ. ಇದರಲ್ಲಿ ಕಷ್ಟವಾದದ್ದು ಕೊನೆಯದು.

ನಮ್ಮವ್ವ ಕಲ್ಲು ಹತ್ತಿದ್ದು ನನಗೆ ಹನ್ನೆರಡು ವರ್ಷವಿದ್ದಾಗ. ಅವ್ವನ ಹೆಸರು ದ್ಯಾಮವ್ವ. ಸಣ್ಣ ಆಳು, ಮಾತು ಕಡಿಮೆ. ನನ್ನ ಬಾಯಿ ಅವಳಿಂದ ಬಂದದ್ದಲ್ಲ. ಆವತ್ತು ನಾರಿನ ಧೂಳು ಮೆತ್ತಿದ ಸೀರೆಯಲ್ಲೇ ಬಂದು ಕಲ್ಲಿನ ಮೇಲೆ ನಿಂತಳು. ಮುಂದೆಯೇ ಎಮ್ಮೆ ಸಾಕುವ ಕಾಟಪ್ಪ ಕೂತಿದ್ದ.

"ಏನ್ ಬೇಕೇ ದ್ಯಾಮವ್ವ?" ಎಂದ.

"ಅರ್ಧ ಗಂಟೆ ಸಂಜೆ ಬೇಕು."

"ಇರೋ ಸಂಜೆಗೇನಾಯ್ತು?"

"ಇರೋ ಸಂಜೇಲಿ ನೀರು ತರ್ತೀನಿ, ದೀಪದ ಬುಡ್ಡಿ ಒರೆಸ್ತೀನಿ, ಒಲೆ ಹಚ್ತೀನಿ. ಅದು ಯಾವಾಗ ಬಂತು, ಯಾವಾಗ ಹೋಯ್ತು ಅನ್ನೋದೇ ಕಾಣಲ್ಲ. ನಂಗೆ ಕೂತ್ಕೊಳ್ಳೋಕೆ ಒಂದು ಬೇಕು."

"ಕೂತು ಏನ್ ಮಾಡ್ತೀಯಾ?"

"ಕೂತ್ಕೋತೀನಿ."

ಜನ ನಕ್ಕರು. ಅವ್ವ ನಗಲಿಲ್ಲ, ಇಳಿಯಲೂ ಇಲ್ಲ. ಕೋಳಿ ಯಾವಾಗ ಗೂಡು ಸೇರಬೇಕು, ಹಾಲು ಯಾವಾಗ ಕರೆಯಬೇಕು, ಆ ಅರ್ಧ ಗಂಟೆಯಲ್ಲಿ ಸತ್ತವರನ್ನು ಯಾವ ಹೊತ್ತಿಗೆ ಸತ್ತರು ಅಂತ ಹೇಳಬೇಕು, ಎಲ್ಲ ಕೇಳಿದರು. ಗೊತ್ತಿದ್ದದ್ದಕ್ಕೆ ಉತ್ತರ ಹೇಳಿದಳು, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅಂದಳು. ಐದು ಗಂಟಿನಿಂದ ಗೆದ್ದಳು.

ಮರುದಿನದಿಂದ ಸೂರ್ಯ ನಮ್ಮೂರ ಗುಡ್ಡದ ತಲೆಯ ಮೇಲೆ ಬಂದು ನಿಂತುಬಿಡುತ್ತಿತ್ತು. ಆರೂ ಇಪ್ಪತ್ತಕ್ಕೆ ಗಡಿಯಾರಗಳು ನಿಲ್ಲುತ್ತಿದ್ದವು. ಅರ್ಧ ಗಂಟೆ ಕಳೆದ ಮೇಲೆ ಸೂರ್ಯ ಆಚೆ ಇಳಿಯುತ್ತಿತ್ತು, ಗಡಿಯಾರಗಳು ಆರೂ ಇಪ್ಪತ್ತರಿಂದಲೇ ಮುಂದೆ ನಡೆಯುತ್ತಿದ್ದವು. ಅಷ್ಟು ಹೊತ್ತು ಯಾರೂ ಕೆಲಸ ಮಾಡುತ್ತಿರಲಿಲ್ಲ. ಹೆಂಗಸರು ಜಗಲಿಯ ಮೇಲೆ ಕಾಲು ಚಾಚಿ ಕೂರುತ್ತಿದ್ದರು. ಹಗ್ಗ ಹೊಸೆಯುವ ಚಕ್ರಗಳು ನಿಂತಿರುತ್ತಿದ್ದವು. ಬಿಸಿಲು ಅರಿಶಿನದ ನೂಲಿನಂತೆ ಬೀದಿಯ ಈ ತುದಿಯಿಂದ ಆ ತುದಿಗೆ ಚಾಚಿರುತ್ತಿತ್ತು. ಸಾಯಂಕಾಲದ ಬಸ್ಸು ತರುವ ಖಾಸಿಂ ಸಾಬರಿಗೆ ಇದರಿಂದ ದೊಡ್ಡ ಅನುಕೂಲ. ನಮ್ಮೂರಲ್ಲಿ ಅರ್ಧ ಗಂಟೆ ಕಾಲು ನೀಡಿ ಚಹ ಕುಡಿದು ಹೊರಟರೂ ಮುಂದಿನ ಊರಿಗೆ ಒಂದು ನಿಮಿಷವೂ ತಡವಾಗುತ್ತಿರಲಿಲ್ಲ. ಇನ್ನು ಲೆಕ್ಕ ಹಾಕಿದರೆ, ಈ ನಲವತ್ತು ವರ್ಷದಲ್ಲಿ ನಾವು ನಮ್ಮ ದಾಖಲೆಯ ವಯಸ್ಸಿಗಿಂತ ಹತ್ತು ತಿಂಗಳು ಹೆಚ್ಚು ಬದುಕಿದ್ದೇವೆ. ಆ ಹತ್ತು ತಿಂಗಳೂ ಬರೀ ಸಂಜೆ.

ಸೋತವರ ಸಾಲಿನಲ್ಲಿ ಕಾಟಪ್ಪನ ಎಲೆಗೆ ಬಡಿಸಿದ್ದು ಅವ್ವನೇ. "ಏನು ಕಳ್ಕೊಂಡೆ?" ಎಂದಾಗ ಅವನು, "ಸೂರ್ಯ ಮುಳುಗದೆ ನನ್ನ ಎಮ್ಮೆ ಸೊರ ಬಿಟ್ಟು ಹಾಲು ಕೊಡಲ್ಲ ಕಣೇ, ಅರ್ಧ ಗಂಟೆ ಅವನ್ನ ಹಿಡ್ಕೊಂಡು ನಿಲ್ಲೋರ್ಯಾರು?" ಎಂದು ರೇಗಿದ. ಅವ್ವ ಎದುರಾಡಲಿಲ್ಲ. ಮಾರನೆಯ ದಿನದಿಂದ ನನ್ನನ್ನು ಕಳಿಸಿದಳು. ಎರಡು ವರ್ಷ ನಾನು ಆ ಅರ್ಧ ಗಂಟೆಯಲ್ಲಿ ಕಾಟಪ್ಪನ ಎಮ್ಮೆಗಳ ಹಗ್ಗ ಹಿಡಿದು ನಿಂತಿದ್ದೇನೆ. ಊರೆಲ್ಲ ಕೂತಿರುವಾಗ ನಾನು ನಿಂತಿರಬೇಕಲ್ಲ ಎಂದು ಎಮ್ಮೆಗಳನ್ನು ಬೈಯುತ್ತಿದ್ದೆ. ಈಗ ಎಮ್ಮೆಯ ಮೈಯ ವಾಸನೆ ಬಂದರೆ ಸಾಕು, ಆ ಬಿಸಿಲು ಕಣ್ಣಿಗೆ ಕಟ್ಟುತ್ತದೆ.

ಇದೆಲ್ಲ ಹೇಗೆ ಕೈಬಿಟ್ಟಿತು ಎಂದು ಹೊಸಬರು ಕೇಳಿದರೆ ನಮ್ಮೂರವರು ರಾಜಧಾನಿಯನ್ನು ಬೈಯುತ್ತಾರೆ. ನಾನು ಎಲ್ಲರಿಗಿಂತ ಜೋರಾಗಿ ಬೈಯುತ್ತೇನೆ. ನಿಜ ಬೇರೆ ಇದೆ. ಹದಿನಾರು ವರ್ಷದ ಹಿಂದೆ ನಾನೇ ಕಲ್ಲು ಹತ್ತಿ, ಹಗ್ಗದ ಬೀದಿಯಲ್ಲಿ ಎಮ್ಮೆ ಹಾಯಬಾರದು ಎಂದು ಕೇಳಿ ಗೆದ್ದಿದ್ದೆ. ಹಾಸಿದ ನಾರನ್ನೆಲ್ಲ ತುಳಿದು ಹಾಳು ಮಾಡುತ್ತಿದ್ದವು. ಮರುದಿನದಿಂದ ಎಮ್ಮೆಗಳು ಬೀದಿಯ ಬಾಯಿಗೆ ಬಂದು ತಾವೇ ತಿರುಗಿ ಹೋಗತೊಡಗಿದವು. ಆದರೆ ಸಂಜೆ ಕಾಟಪ್ಪನಿಗೆ ಬಡಿಸಬೇಕಾಗಿ ಬಂದವಳು ನಾನು. ಆ ಮನುಷ್ಯ ಹುಗ್ಗಿ ತಿನ್ನುತ್ತಾ ಒಂದು ತಾಸು ಬೈದ. ನನ್ನ ನಡಿಗೆ ಬೈದ, ನನ್ನ ಹಗ್ಗ ಬೈದ, "ಆ ದ್ಯಾಮವ್ವನ ಹೊಟ್ಟೇಲಿ ನೀನು ಹೆಂಗೆ ಹುಟ್ಟಿದ್ಯೋ" ಎಂದ. ಎದುರುತ್ತರ ಕೊಡುವಂತಿಲ್ಲ. ನಾನು ನಾಲಿಗೆ ಕಚ್ಚಿಕೊಂಡೇ ಕೂತೆ. ಮನೆಗೆ ಬಂದು ಬಾಯಿ ಮುಕ್ಕಳಿಸಿದರೆ ರಕ್ತ ಬಂತು.

ಮರುವರ್ಷ ರಾಜಧಾನಿಯಿಂದ ಒಂದು ಹಾಳೆ ಬಂತು. ಒಂದೇ ಹಾಳೆ, ಆಗಿನ್ನೂ ಪುಸ್ತಕವಲ್ಲ. ಇನ್ನು ಮುಂದೆ ಪ್ರಸ್ತಾವಗಳನ್ನು ತಜ್ಞರೇ ಬರೆದು ಕಳಿಸುತ್ತಾರೆ, ಊರವರು ಕಲ್ಲಿನ ಮೇಲೆ ನಿಲ್ಲುವ ಕಷ್ಟವಿಲ್ಲ, ಓಟು ಗುಟ್ಟಾಗಿ ಕಾಗದದಲ್ಲಿ, ಗೆದ್ದವರು ಬಡಿಸುವ ಕಟ್ಟುಪಾಡು ಇಲ್ಲ. ಆ ಹಾಳೆಗೆ ಹೌದೋ ಬೇಡವೋ ಎಂದು ಹಗ್ಗಗಳನ್ನು ಕಟ್ಟಿದ್ದೇ ಕೊನೆ. ನಾನು ಅರಿಶಿನದ ಹಗ್ಗಕ್ಕೆ ಗಂಟು ಹಾಕಿದೆ. ಎರಡು ಸಲ ಬಿಗಿದೆ. ಅವ್ವ ನನ್ನ ಕೈಯನ್ನು ನೋಡಿದಳು. ಬಿಳಿಯ ಹಗ್ಗದ ಹತ್ತಿರ ಹೋಗಿ ತನ್ನ ಗಂಟು ಹಾಕಿದಳು. ಅದರಲ್ಲಿ ಇದ್ದದ್ದು ಹನ್ನೊಂದೇ ಗಂಟು.

ಮರುದಿನ ಸಂಜೆ ಸೂರ್ಯ ಗುಡ್ಡದ ಮೇಲೆ ನಿಂತಾಗ ಹೊರಗೆ ಬಂದು ನೋಡುತ್ತೇನೆ, ಅವ್ವ ಜಗಲಿಯ ಮೇಲೆ ಮುತ್ತುಗದ ಎಲೆ ಹಾಕಿಕೊಂಡು ಕೂತಿದ್ದಾಳೆ. ಬರೀ ಎಲೆ.

"ಇದೇನವ್ವಾ?"

"ಸೋತಿದೀನಲ್ಲ."

"ಆ ಕಟ್ಟುಪಾಡು ಬೆಳಿಗ್ಗೆನೇ ಹೋಯ್ತು. ಬೀದಿ ಜನ ನೋಡ್ತಾರೆ, ಏಳು ಮೇಲೆ."

"ಗೆದ್ದೋರು ಯಾರಾದ್ರೂ ಬರ್ತಾರೇನೋ ಅಂತ" ಎಂದಳು. ವ್ಯಂಗ್ಯವಿರಲಿಲ್ಲ. ಅದಕ್ಕೇ ನನಗೆ ಇನ್ನೂ ಸಿಟ್ಟು ಬಂತು. "ನಾಟಕ ಸಾಕು" ಎಂದೆ. ಅವ್ವ ಅರ್ಧ ಗಂಟೆ ಪೂರ್ತಿ ಕೂತಳು. ಸೂರ್ಯ ಇಳಿದ ಮೇಲೆ ಎಲೆಯನ್ನು ಒರೆಸಿ, ಮಡಚಿ, ಜಗಲಿಯ ಮೇಲಿನ ಸೂರಿಗೆ ಸಿಕ್ಕಿಸಿ ಒಳಗೆ ಹೋದಳು. ನಾಲ್ಕು ವರ್ಷದ ಮೇಲೆ ತೀರಿಕೊಂಡಳು. ಎಲೆ ಅಲ್ಲೇ ಉಳಿಯಿತು. ಧೂಳು ಹೊಡೆಯುವಾಗೆಲ್ಲ ಕಾಣುತ್ತಿತ್ತು. ಮುಟ್ಟುತ್ತಿರಲಿಲ್ಲ.

ಈ ವರ್ಷದ ಪುಸ್ತಕ ಬಂದದ್ದು ಖಾಸಿಂ ಸಾಬರ ಬಸ್ಸಿನಲ್ಲೇ. ಹಂಚುವುದಕ್ಕೆ ಒಬ್ಬ ಯುವ ಅಧಿಕಾರಿ ಬಂದಿದ್ದ. ನೆರಳಿಲ್ಲದ ಬೇವಿನ ಕೆಳಗೆ ಮೇಜು ಹಾಕಿಕೊಂಡು ಬೆವರುತ್ತಿದ್ದ. ಇನ್ನೂರ ಹನ್ನೆರಡು ಪುಟ, ಹನ್ನೊಂದು ಪ್ರಸ್ತಾವ. ಒಂಬತ್ತನೆಯದನ್ನು ಓದಿದವಳು ಪುಸ್ತಕ ಹಿಡಿದುಕೊಂಡು ನೆಟ್ಟಗೆ ಅವನ ಹತ್ತಿರ ಹೋದೆ. ಊರಿಗೆ ಮೂವತ್ತು ಹಾಸಿಗೆಯ, ಹಗಲೂ ರಾತ್ರಿ ತೆರೆದಿರುವ ಆಸ್ಪತ್ರೆ ಬರುತ್ತದಂತೆ. ಆಸ್ಪತ್ರೆಯ ಪಾಳಿಗಳು ರಾಜ್ಯದ ಗಡಿಯಾರಕ್ಕೆ ಹೊಂದಬೇಕಾದ್ದರಿಂದ "ಸ್ಥಳೀಯ ಹೆಚ್ಚುವರಿ ಸಾಯಂಕಾಲ"ವನ್ನು ತೆಗೆಯಲಾಗುತ್ತದಂತೆ. ಎರಡೂ ಒಂದೇ ಪ್ರಸ್ತಾವ.

"ಸ್ವಾಮಿ, ಇದನ್ನ ಬರೆದೋರು ಯಾರು?" ಎಂದೆ.

"ಸಮಿತಿ ಅಮ್ಮ."

"ಸಮಿತಿಗೆ ಕಾಲಿದೆಯಾ?"

"ಅಂದ್ರೆ?"

"ಇದ್ರೆ ಇಲ್ಲಿಗೆ ಬಂದು ನಿಲ್ಲಲಿ. ನಾವು ಒಂದಷ್ಟು ಕೇಳೋದಿದೆ. ಆಸ್ಪತ್ರೆಗೊಂದು ಓಟು ಇಡಿ, ಸಂಜೆಗೊಂದು ಓಟು ಇಡಿ. ಎರಡನ್ನೂ ಯಾಕೆ ಒಂದೇ ಗಂಟಲ್ಲಿ ಬಿಗಿದಿದೀರಿ?"

"ಬೇರೆ ಮಾಡೋಕೆ ಬರಲ್ಲಮ್ಮ, ಅಚ್ಚಾಗಿ ಹೋಗಿದೆ. ಕೊನೇ ಪುಟದಲ್ಲಿ ಸಲಹೆಗೆ ಅಂತ ಜಾಗ ಬಿಟ್ಟಿದಾರೆ, ಬರೆದು ಕಳಿಸಿ."

ನೋಡಿದೆ. ಎರಡು ಬೆರಳಗಲ ಜಾಗ. "ಇದ್ರಲ್ಲಿ ನನ್ನ ಹೆಸರೇ ಹಿಡಿಸಲ್ಲ!" ಎಂದು ಕೂಗಿದೆ. ಸುತ್ತ ಜನ ಸೇರಿದರು. ಖಾಸಿಂ ಸಾಬರು, "ಹಾಲಕ್ಕ, ಆ ಹುಡುಗನ್ನ ಬೈದು ಏನು ಬಂತು, ಅವ್ನು ನನ್ನಂಗೆ ಹೊತ್ಕೊಂಡು ಬಂದೋನು" ಎಂದರು. ಅದೂ ನಿಜವೇ. ಸಿಟ್ಟು ತಡೆಯಲಾರದೆ ಹಗ್ಗದ ಬೀದಿಗೆ ನಡೆದು ಕಲ್ಲು ಹತ್ತಿ ನಿಂತೆ. ಬಾಯಿ ತೆರೆದೆ. ದನಿ ಬರಲಿಲ್ಲ. ಹದಿನೈದು ವರ್ಷದಿಂದ ಆ ಕಲ್ಲಿನ ಮೇಲೆ ಯಾರು ನಿಂತರೂ ದನಿ ಬರುವುದಿಲ್ಲ. ನನಗೆ ಗೊತ್ತಿಲ್ಲದ್ದಲ್ಲ, ಗಂಟು ಹಾಕಿದವಳೇ ನಾನು. ಕೆರೆ ದಂಡೆಯ ಕಪ್ಪೆಯಂತೆ ಗಂಟಲು ಉಬ್ಬಿಸಿ ಸ್ವಲ್ಪ ಹೊತ್ತು ನಿಂತು ಇಳಿದೆ. ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು, ಬೈಯುವುದಕ್ಕೆ ಯಾರಾದರೂ ಸಿಗುತ್ತಿದ್ದರು.

ಒಂದು ವಾರ ಮನೆಮನೆ ತಿರುಗಿ ಒಂಬತ್ತನೆಯದಕ್ಕೆ ಬೇಡ ಅನ್ನಿ ಎಂದು ಹೇಳಿದೆ. ಪಕ್ಕದ ಮನೆಗೆ ಮಾತ್ರ ಹೋಗಿರಲಿಲ್ಲ. ಅದು ಪುಟ್ಟೀರಕ್ಕನ ಮನೆ. ಅವಳ ಗಂಡ ಚಿಕ್ಕಣ್ಣ ನಲವತ್ತೈದು ವರ್ಷ ನಾರು ಬಾಚಿದವನು. ಆ ಧೂಳೆಲ್ಲ ಎದೆಗೆ ಇಳಿದು ಈಗ ನಾಲ್ಕು ಹೆಜ್ಜೆಗೆ ಒಮ್ಮೆ ಕೂರುತ್ತಾನೆ. ಆಸ್ಪತ್ರೆಯೆಂದರೆ ನಮಗೆ ಮೂವತ್ತು ಮೈಲಿ. ಓಟಿಗೆ ಎರಡು ದಿನ ಇದೆ ಎನ್ನುವಾಗ, ಸೂರ್ಯ ಗುಡ್ಡದ ಮೇಲೆ ನಿಂತ ಹೊತ್ತಿಗೆ ಪುಟ್ಟೀರಕ್ಕ ತಾನಾಗಿಯೇ ಬಂದು ನಮ್ಮ ಜಗಲಿಯ ಮೇಲೆ ಕೂತಳು.

"ಊರೆಲ್ಲ ತಿರುಗಿದ್ಯಂತೆ. ನಮ್ಮನೆ ಬಾಗ್ಲು ಕಾಣ್ಲಿಲ್ವಾ ಹಾಲಿ?"

"ನಿನ್ನ ಹತ್ರ ಏನಂತ ಕೇಳ್ಲಿ ಅಕ್ಕ."

"ಕೇಳು. ಬಾಯಿ ಇದೆಯಲ್ಲ, ಎಲ್ಲರ ಹತ್ರಾನೂ ಕೇಳುತ್ತೆ."

ನಾನು ಅವ್ವನ ಮಾತು ತೆಗೆದೆ. ಇದು ಅವಳು ನಿಂತು ಗೆದ್ದ ಸಂಜೆ, ಹಿಂದಿನ ಕಾಲದಲ್ಲಿ ಹೀಗೆ ಒಂದನ್ನು ಇನ್ನೊಂದರ ಕುತ್ತಿಗೆಗೆ ಕಟ್ಟುತ್ತಿರಲಿಲ್ಲ, ಎಲ್ಲರೂ ಎಲ್ಲರ ಮುಖ ನೋಡಿ ಗಂಟು ಹಾಕುತ್ತಿದ್ದರು, ಎಂಥ ಕಾಲ, ಎಂಥ ಜನ, ಹೀಗೆ. ಪುಟ್ಟೀರಕ್ಕ ನಡುವೆ ತಡೆದಳು.

"ನಿಮ್ಮವ್ವನ ಸಂಜೆಗೆ ನಾನು ಬೇಡ ಅಂತ ಗಂಟು ಹಾಕಿದ್ದೆ. ಗೊತ್ತಾ ನಿಂಗೆ?"

ನನಗೆ ಗೊತ್ತಿರಲಿಲ್ಲ.

"ಮದುವೆಯಾಗಿ ಬಂದು ಮೂರು ತಿಂಗಳಾಗಿತ್ತು. ನನಗೂ ಅರಿಶಿನದ ಹಗ್ಗಕ್ಕೇ ಹೋಗಬೇಕು ಅಂತಿತ್ತು. ಮಾವ ಹಿಂದೆ ನಿಂತು ನನ್ನ ಕೈ ನೋಡ್ತಿದ್ದ. ಬಿಳೀದಕ್ಕೆ ಹಾಕ್ದೆ. ನಿಂಗೆ ಆ ಗಂಟು ಅಂದ್ರೆ ಸಕ್ಕರೆ. ನಂಗೆ ಈಗ್ಲೂ ಬೆನ್ನು ಚುರ್ ಅನ್ನುತ್ತೆ." ಮತ್ತೆ ಹೇಳಿದಳು, "ಮಾರನೇ ದಿನ ನಿಮ್ಮವ್ವ ನನ್ನ ಎಲೆ ಮುಂದೆ ಕೂತು, ಏನು ಕಳ್ಕೊಂಡೆ ಮಗಾ ಅಂದ್ಲು. ಏನಂತ ಹೇಳ್ಲಿ? ಅತ್ತುಬಿಟ್ಟೆ. ಏನೂ ಕೇಳದೆ ಇನ್ನೊಂದು ಸೌಟು ಹುಗ್ಗಿ ಹಾಕಿದ್ಲು."

ಗೋಡೆಯ ಆಚೆಯಿಂದ ಚಿಕ್ಕಣ್ಣನ ಉಸಿರು ಕೇಳುತ್ತಿತ್ತು. ಕುಲುಮೆಯ ಹರಿದ ತಿದಿಯಂತೆ ಎಳೆಯುತ್ತಿತ್ತು, ಬಿಡುತ್ತಿತ್ತು.

"ಕೇಳಿಸ್ಕೋ" ಎಂದಳು ಪುಟ್ಟೀರಕ್ಕ. "ನಿಂಗೆ ಇದು ಅರ್ಧ ಗಂಟೆ ಸಂಜೆ. ಅವನಿಗೆ ಅರ್ಧ ಗಂಟೆ ಹೆಚ್ಚಿನ ದಮ್ಮು. ಊರಿಗೆಲ್ಲ ದಿನಕ್ಕೆ ಇಪ್ಪತ್ನಾಲ್ಕು ಗಂಟೆ ಉಸಿರಾಡಿದ್ರೆ ಸಾಕು, ಅವನು ಇಪ್ಪತ್ನಾಲ್ಕೂವರೆ ಉಸಿರಾಡಬೇಕು."

ಉತ್ತರ ಇಲ್ಲದಿದ್ದಾಗ ನಾನು ಬೈಯುತ್ತೇನೆ. ಪುಸ್ತಕವನ್ನು ಬೈದೆ, ಸಮಿತಿಯನ್ನು ಬೈದೆ. ಅವಳು ಎದ್ದು ಸೀರೆ ಕೊಡವಿಕೊಂಡು, "ಬೈ. ಆದ್ರೆ ಒಳಗೆ ಹೋದ್ಮೇಲೆ ನೀನು ಏನು ಒತ್ತುತೀಯೋ ನಂಗೆ ಕಾಣಲ್ಲ. ನಾನು ಕೇಳೋದೂ ಇಲ್ಲ" ಎಂದು ಹೋದಳು.

ಓಟಿನ ದಿನ ಶಾಲೆಯ ಮುಂದೆ ಸಾಲು. ನನ್ನ ಹಿಂದೆ ನಾಲ್ಕು ಜನ ಬಿಟ್ಟು ಚಿಕ್ಕಣ್ಣ ಇದ್ದ. ಕುರ್ಚಿ ಹಾಕುತ್ತೇವೆ ಎಂದರೂ ಬೇಡವೆಂದು ಗೋಡೆ ಹಿಡಿದು ನಿಂತಿದ್ದ. ಸಾಲು ಮುಂದೆ ಸರಿದಾಗಲೆಲ್ಲ ಆ ಉಸಿರೂ ಒಂದು ಹೆಜ್ಜೆ ಹತ್ತಿರ ಬರುತ್ತಿತ್ತು. ಒಳಗೆ ರಟ್ಟಿನ ಮರೆಯಲ್ಲಿ ಹತ್ತು ಪ್ರಸ್ತಾವಗಳಿಗೆ ಬೇಡ, ಬೇಡ, ಬೇಡ ಎಂದು ಒತ್ತಿದೆ. ಒಂಬತ್ತನೆಯದು ಉಳಿಯಿತು. ಹಿಂದೆ ಯಾರೂ ನಿಂತಿರಲಿಲ್ಲ, ಯಾರೂ ನನ್ನ ಕೈ ನೋಡುತ್ತಿರಲಿಲ್ಲ. ಪುಟ್ಟೀರಕ್ಕನಿಗೆ ಆವತ್ತು ಸಿಗದೇ ಇದ್ದದ್ದು ಇದು. ಮುದ್ರೆಯ ಶಾಯಿ ಒಣಗುವವರೆಗೂ ನಿಂತಿದ್ದೆ. ಮತ್ತೆ ಶಾಯಿ ಮುಟ್ಟಿಸಿ ಹೌದು ಎನ್ನುವ ಕಡೆ ಒತ್ತಿದೆ. ಒತ್ತಿದ ರಭಸಕ್ಕೆ ಮೇಜು ಅಲ್ಲಾಡಿತು. ಹೊರಗೆ ಕೂತಿದ್ದ ಗುಮಾಸ್ತ, "ಮೆಲ್ಲಗಮ್ಮ, ಕಾಗದ" ಎಂದ.

ನಾಲ್ಕು ಗಂಟೆಗೆ ಫಲಿತಾಂಶ ಹೇಳಿದರು. ಒಂಬತ್ತನೆಯ ಪ್ರಸ್ತಾವಕ್ಕೆ ಹೌದು ನೂರ ಹನ್ನೆರಡು, ಬೇಡ ತೊಂಬತ್ತಮೂರು. ಮಿಕ್ಕವು ಏನಾದವು ಎಂದು ಯಾರೂ ಕೇಳಲಿಲ್ಲ. ಯಾರೂ ಕುಣಿಯಲಿಲ್ಲ, ಯಾರೂ ಅಳಲಿಲ್ಲ. ಆರೂ ಇಪ್ಪತ್ತಕ್ಕೆ ಊರಿಗೆ ಊರೇ ಜಗಲಿಗಳ ಮೇಲೆ ಬಂದು ಕೂತಿತು. ಸೂರ್ಯ ಗುಡ್ಡದ ಮೇಲೆ ಕೊನೆಯ ಸಲ ನಿಂತಿತು. ಖಾಸಿಂ ಸಾಬರು ಚಹದ ಲೋಟ ಹಿಡಿದು ಬಸ್ಸಿನ ಮೆಟ್ಟಿಲ ಮೇಲೆ ಕೂತಿದ್ದರು, ಕುಡಿಯಲಿಲ್ಲ. ಹುಡುಗಿಯರು ಹೇನು ನೋಡಿಕೊಂಡರು. ಯಾರೋ ಕೆಮ್ಮಿದರು. ಅವ್ವ ಕೇಳಿದ್ದು ಇದನ್ನೇ, ಏನೂ ಆಗದ ಅರ್ಧ ಗಂಟೆ. ಅದು ಕೊನೆಯ ದಿನವೂ ಹಾಗೇ ಇತ್ತು, ಏನೂ ಆಗಲಿಲ್ಲ.

ಬೆಳಿಗ್ಗೆ ಏಳುವಷ್ಟರಲ್ಲಿ ಹಗ್ಗದ ಬೀದಿಯ ತುದಿಯಲ್ಲಿ ಸುಣ್ಣ ಬಳಿದ ಆಸ್ಪತ್ರೆ ನಿಂತಿತ್ತು. ಮೂವತ್ತು ಹಾಸಿಗೆ, ಆಮ್ಲಜನಕದ ಸಿಲಿಂಡರುಗಳು, ಬಾಗಿಲಲ್ಲಿ ಬಿಳಿ ಸೀರೆಯ ಒಬ್ಬ ನರ್ಸಮ್ಮ. ಡಾಕ್ಟರ್ ಎಲ್ಲಿ ಎಂದು ಕೇಳಿದೆ. "ಡಾಕ್ಟರ್ ವಿಷಯ ಮುಂದಿನ ವರ್ಷದ ಪುಸ್ತಕದಲ್ಲಿದೆ" ಎಂದಳು. ಬಾಯಿಗೆ ಬಂದದ್ದನ್ನೆಲ್ಲ ಅನ್ನುವುದರೊಳಗೆ ಪುಟ್ಟೀರಕ್ಕ ಗಂಡನನ್ನು ಹಿಡಿದುಕೊಂಡು ಬಂದಳು. ನರ್ಸಮ್ಮ ಅವನನ್ನು ಮಲಗಿಸಿ ಮೂಗಿಗೆ ಕೊಳವೆ ಇಟ್ಟಳು. ಐದು ನಿಮಿಷವಾಯಿತು. ಆ ತಿದಿಯ ಸದ್ದು ನಿಂತಿತು. ನಾನು ಗಾಬರಿಯಾಗಿ ಮುಖ ನೋಡಿದೆ. ಚಿಕ್ಕಣ್ಣ ಸದ್ದಿಲ್ಲದೆ ಉಸಿರಾಡುತ್ತಿದ್ದ. ಬೈಗುಳವನ್ನು ನುಂಗಿಕೊಂಡು ಮನೆಗೆ ಬಂದು ಒಲೆ ಹಚ್ಚಿದೆ.

ದೊಡ್ಡ ಕೊಪ್ಪರಿಗೆ ತರಿಸಿದೆ. ತೊಂಬತ್ತಮೂರು ಜನಕ್ಕೆ ಆಗುವಷ್ಟು ಗೋಧಿ ಕುಟ್ಟಿ, ಬೆಲ್ಲ ಜಜ್ಜಿ, ಹುಗ್ಗಿ ಇಟ್ಟೆ. ಅನ್ನಕ್ಕೆ ಇಟ್ಟೆ, ಸಾರಿಗೆ ಬೇಳೆ ಬೇಯಲು ಹಾಕಿದೆ, ಖಾರ ಹಾಕಲಿಲ್ಲ. ಯಾರು ಸೋತವರು ಎಂದು ತಿಳಿಯುವ ದಾರಿ ಈಗ ಇಲ್ಲ. ಆದ್ದರಿಂದ ಹಗ್ಗದ ಬೀದಿಯ ಉದ್ದಕ್ಕೂ ನಡೆದು ಕೂಗಿದೆ, "ನಾನು ಒಂಬತ್ತಕ್ಕೆ ಹೌದು ಅಂತ ಒತ್ತಿದೀನಿ! ನಾನು ಗೆದ್ದಿದೀನಿ! ಸೋತೋರು ಸಂಜೆಗೆ ಊಟಕ್ಕೆ ಬನ್ನಿ!" ಒಂದು ವಾರ ಮನೆಮನೆಗೆ ಬಂದು ಬೇಡ ಅನ್ನಿ ಎಂದವಳು ಇವಳೇ ಎಂದು ಜನ ಬಾಗಿಲಿಗೆ ಬಂದು ನೋಡಿದರು.

ಆರು ಗಂಟೆಗೆ ಎಲ್ಲರಿಗಿಂತ ಮೊದಲು ಬಂದವನು ಕಾಟಪ್ಪ. ಎಂಬತ್ತೈದು ದಾಟಿದ್ದಾನೆ, ಕೋಲೂರಿಕೊಂಡು ಬಂದು ಮೊದಲನೆಯ ಎಲೆಗೆ ಕೂತ. "ನಿನ್ ಕೈಲಿ ಇನ್ನೊಂದು ಸಲ ಬಡಿಸ್ಕೊಳ್ಳೋಕೆ ಅಂತಲೇ ಜೀವ ಹಿಡ್ಕೊಂಡಿದ್ದೆ ಕಣೇ" ಎಂದ. ಆಮೇಲೆ ಒಬ್ಬೊಬ್ಬರೇ ಬಂದರು. ಐವತ್ತಾದರು, ತೊಂಬತ್ತಾದರು, ನೂರು ದಾಟಿದರು. ನಾನು ಸೌಟು ಹಿಡಿದು ನೋಡುತ್ತಾ ನಿಂತೆ. ಹೌದು ಎಂದು ಒತ್ತಿದ್ದೇನೆ ಎಂದು ನನ್ನ ಮುಂದೆಯೇ ಹೇಳಿದ್ದವರೂ ಸಾಲಿನಲ್ಲಿ ಕೂತಿದ್ದರು. ಓಟು ಎಣಿಸಿದ ಮೇಷ್ಟ್ರು ಕೂತಿದ್ದರು. ಗಂಡನನ್ನು ಆಸ್ಪತ್ರೆಯಲ್ಲಿ ಮಲಗಿಸಿ ಬಂದ ಪುಟ್ಟೀರಕ್ಕ ಎಲೆಗೆ ನೀರು ಚಿಮುಕಿಸಿಕೊಳ್ಳುತ್ತಿದ್ದಳು.

"ನೀನು ಗೆದ್ದವಳಲ್ವೇನಕ್ಕ?" ಎಂದೆ.

"ಬಡಿಸೇ ಸುಮ್ಮನೆ" ಎಂದಳು.

ಬಸ್ಸು ನಿಲ್ಲಿಸಿ ಖಾಸಿಂ ಸಾಬರೂ ಬಂದು ಕೊನೆಯಲ್ಲಿ ಕೂತರು. "ಈ ಊರಲ್ಲಿ ನಂಗೆ ಓಟಿಲ್ಲ ಹಾಲಕ್ಕ. ಆದ್ರೆ ಇವತ್ತು ಚಹ ಕುಡಿಯೋಕೆ ಪುರುಸೊತ್ತಿಲ್ಲ. ನಂದೂ ಹೋಯ್ತಲ್ಲ" ಎಂದರು. ಒಂದು ಕೊಪ್ಪರಿಗೆ ಹುಗ್ಗಿಗೆ ಇನ್ನೂರು ಎಲೆ. ಒಂದೊಂದು ಸೌಟು ಹಾಕಬೇಕಾದಲ್ಲಿ ಅರ್ಧರ್ಧ ಹಾಕುತ್ತಾ ಹೋದೆ. ಊರೆಲ್ಲ ಸೋತಿತ್ತು. ಗೆದ್ದವಳು ನಾನೊಬ್ಬಳೇ.

ಸೂರ್ಯ ಗುಡ್ಡದ ತಲೆಗೆ ಬಂತು. ಬಡಿಸುವ ಕೈ ತಾನೇ ನಿಂತಿತು. ಸಾಲಿನವರೆಲ್ಲ ಆ ಕಡೆ ತಿರುಗಿದರು. ಸೂರ್ಯ ನಿಲ್ಲಲಿಲ್ಲ. ನೋಡುನೋಡುತ್ತಿದ್ದಂತೆ ಗುಡ್ಡದ ಆಚೆ ಜಾರಿತು. ಬೇರೆ ಊರುಗಳಲ್ಲಿ ದಿನವೂ ಹೀಗೇ. ದೂರದ ಕೊಟ್ಟಿಗೆಯಲ್ಲಿ ಎಮ್ಮೆಯೊಂದು ಕೂಗಿತು. "ನೋಡು, ಅದಕ್ಕೂ ತಿಳೀತು" ಎಂದ ಕಾಟಪ್ಪ. ನಾನು ಅವನ ಎಲೆಯ ಎದುರು ಕೂತು, "ಏನು ಕಳ್ಕೊಂಡೆ?" ಎಂದು ಕೇಳಿದೆ. ನಾಲಿಗೆಯನ್ನು ಹಲ್ಲಿನ ನಡುವೆ ಸಿದ್ಧವಾಗಿ ಇಟ್ಟುಕೊಂಡಿದ್ದೆ. ಅವನು ಹುಗ್ಗಿಯನ್ನು ಬೆರಳಲ್ಲಿ ಆಡಿಸುತ್ತಾ, "ನಿಮ್ಮವ್ವನ ಮುಂದೆ ಸೋತಿದ್ನಲ್ಲ ನಾನು. ಅದು ಹೋಯ್ತು" ಎಂದ. ಬೈಯಲಿಲ್ಲ.

ಸಾಲಿನ ಉದ್ದಕ್ಕೂ ಹಾಗೆಯೇ ಕೇಳುತ್ತಾ ಹೋದೆ. ಒಬ್ಬಳು ಅತ್ತೆಯ ಕಣ್ಣು ತಪ್ಪಿಸಿ ಕೂರುತ್ತಿದ್ದ ಹೊತ್ತು ಎಂದಳು. ಮೇಷ್ಟ್ರು ಏನೂ ಹೇಳಲಾರೆ ಎಂದರು. ಪುಟ್ಟೀರಕ್ಕ, "ಅಕ್ಕಪಕ್ಕ ಕೂತು ನಿನ್ನ ಬಾಯಿ ಕೇಳೋದು ತಪ್ತು" ಎಂದು ನಕ್ಕಳು, ಆಮೇಲೆ ಕಣ್ಣೊರೆಸಿಕೊಂಡಳು. ನಾನು ಕೇಳದೆ ಇನ್ನೊಂದು ಸೌಟು ಹಾಕಿದೆ. ಕತ್ತಲಾಗುತ್ತಾ ಬಂದಂತೆ ಒಬ್ಬೊಬ್ಬರೇ ಎಲೆ ಎತ್ತಿಕೊಂಡು ಹೋದರು. ಖಾಸಿಂ ಸಾಬರ ಬಸ್ಸು ತಡವಾಗಿ ಹೊರಟಿತು.

ಕೊಪ್ಪರಿಗೆಯ ತಳದಲ್ಲಿ ಸ್ವಲ್ಪ ಉಳಿದಿತ್ತು. ಕೆರೆದರೆ ಒಂದು ಸೌಟು. ಜಗಲಿ ಹತ್ತಿ ಸೂರಿಗೆ ಕೈ ಹಾಕಿ ಅವ್ವನ ಎಲೆಯನ್ನು ಎಳೆದೆ. ಹದಿನೈದು ವರ್ಷದ ಧೂಳು, ಕರಿ. ನೀರಲ್ಲಿ ನೆನೆಸಿದೆ, ಒಡೆಯದಂತೆ ಮೆಲ್ಲಗೆ ಬಿಡಿಸಿದೆ. ಕಡ್ಡಿಯ ಹೊಲಿಗೆ ಇನ್ನೂ ಗಟ್ಟಿಯಾಗಿತ್ತು. ಅವಳು ಕೂರುತ್ತಿದ್ದ ಜಾಗದಲ್ಲಿ ಹಾಸಿ, ಹುಗ್ಗಿ ಬಡಿಸಿ, ಎದುರಿಗೆ ಕೂತೆ.

"ಏನು ಕಳ್ಕೊಂಡೆ ಅವ್ವಾ?" ಎಂದೆ.

ಗಡಿಯಾರ ನಡೆಯುತ್ತಲೇ ಇತ್ತು. ಅರ್ಧ ಗಂಟೆ ಕೂತಿದ್ದೆ. ನಾನು ಎದುರುತ್ತರ ಕೊಡಲಿಲ್ಲ.